ಪೈಥಾನ್ ಲಿಸ್ಟ್ ಸ್ಲೈಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಾಗಿ ಜೋಡಿಸಿದ ಐಟಂಗಳಿಗೆ ಲಿಸ್ಟ್ ಎನ್ನುತ್ತಾರೆ, ಅದರಿಂದ ಬೇಕಾದ ತುಂಡನ್ನು ಕತ್ತರಿಸಿ ತೆಗೆಯುವುದೇ ಸ್ಲೈಸಿಂಗ್. ಈ ಪುಟದ ಎಲ್ಲ ಉದಾಹರಣೆಗಳಿಗೂ ಒಂದೇ ಲಿಸ್ಟ್ ಸಾಕು. ಬಾಯಿಪಾಠ ಇರುವ ಲಿಸ್ಟ್ ಆದರೆ ಉತ್ತರ ಸರಿಯೋ ತಪ್ಪೋ ಎಂದು ಕಣ್ಣಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಹನ್ನೆರಡು ಚಾಂದ್ರಮಾನ ಮಾಸಗಳನ್ನೇ ತೆಗೆದುಕೊಂಡಿದ್ದೇವೆ:

ತಿಂಗಳು = ["ಚೈತ್ರ", "ವೈಶಾಖ", "ಜ್ಯೇಷ್ಠ", "ಆಷಾಢ", "ಶ್ರಾವಣ", "ಭಾದ್ರಪದ", "ಆಶ್ವಯುಜ", "ಕಾರ್ತಿಕ", "ಮಾರ್ಗಶಿರ", "ಪುಷ್ಯ", "ಮಾಘ", "ಫಾಲ್ಗುಣ"]

ಪ್ರಶ್ನೆ: ವೇರಿಯಬಲ್ ಹೆಸರು ಕನ್ನಡದಲ್ಲಿದೆಯಲ್ಲ, ಇದು ನಿಜವಾಗಿ ಓಡುತ್ತದೆಯೇ?

ಓಡುತ್ತದೆ. 2008ರಲ್ಲಿ ಬಂದ ಪೈಥಾನ್ 3.0 ಇಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮೇಲಿನ ಸಾಲನ್ನು ಹಾಗೇ ಪೇಸ್ಟ್ ಮಾಡಿ ನೋಡಿ. ಆದರೆ ಭಾಷೆಯ ಸ್ವಂತ ಪದಗಳಾದ ಲೆನ್, ಡೆಲ್, ಫಾರ್, ಇನ್, ರೇಂಜ್, ಸ್ಲೈಸ್, ನನ್ (ಬೆಲೆ ಇಲ್ಲ ಎಂಬುದರ ಗುರುತು) ಮುಂತಾದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಓದುವ ಅನುಕೂಲಕ್ಕಾಗಿ ಮಾತ್ರ ಅವನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ.

ಎರಡು ಕಡೆ ಎಡವುತ್ತಾರೆ. ಒಂದು, ಕನ್ನಡ ಅಂಕಿ: ತಿಂಗಳು[೪] ಎಂದು ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ, 4 ಎಂದೇ ಬರೆಯಬೇಕು. (ಸ್ಟ್ರಿಂಗ್, ಅಂದರೆ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯದ ಒಳಗಿನ "೧೨" ಅನ್ನು ಇಂಟ್ ಫಂಕ್ಷನ್‌ಗೆ ಕೊಟ್ಟರೆ ಮಾತ್ರ ಸರಿಯಾಗಿ 12 ಸಿಗುತ್ತದೆ.) ಇನ್ನೊಂದು, ಹೆಸರಿನ ನಡುವೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಬೋರ್ಡ್ ಸೇರಿಸುವ ಕಾಣದ ಅಕ್ಷರ, ಯೂನಿಕೋಡ್‌ನ 200ಸಿ. ಅದು ಹೆಸರಿನಲ್ಲಿ ಇರುವಂತಿಲ್ಲ. ಕಣ್ಣಿಗೆ ಏನೂ ತಪ್ಪು ಕಾಣದೆ ಎರರ್ ಬರುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಪ್ರಶ್ನೆ: ತಿಂಗಳು[4:7] ಎಂದರೆ 4, 5, 6, 7 ನಾಲ್ಕೂ ಬರಬೇಕಲ್ಲವೇ? ಮೂರೇ ಏಕೆ ಬರುತ್ತವೆ?

ಸ್ಲೈಸಿಂಗ್‌ನಲ್ಲಿ ಹುಟ್ಟುವ ಗೊಂದಲದಲ್ಲಿ ಬಹುಪಾಲು ಇದೊಂದರಿಂದಲೇ ಹುಟ್ಟುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಸ್ಲೈಸ್‌ನಲ್ಲಿ ಬರೆಯುವ ಅಂಕಿ ಮಾಸದ ಅಂಕಿ ಅಲ್ಲ, ಎರಡು ಮಾಸಗಳ ನಡುವಿನ ಗಡಿಯ ಅಂಕಿ. ಕರ್ನಾಟಕದ ಪಂಚಾಂಗದಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ 0 ಎಂದು ಹೆಸರಿಡಿ. ಅದಾದ ಮೇಲೆ ಚೈತ್ರ. ಚೈತ್ರ ಮುಗಿಯುವ ಅಮಾವಾಸ್ಯೆ 1, ವೈಶಾಖ ಮುಗಿಯುವುದು 2. ಹೀಗೇ ಎಣಿಸುತ್ತಾ ಹೋದರೆ ಫಾಲ್ಗುಣ ಮುಗಿಯುವ ಅಮಾವಾಸ್ಯೆ 12. ಮಾಸ ಹನ್ನೆರಡು, ಗಡಿ ಹದಿಮೂರು.

ಈಗ ತಿಂಗಳು[4:7] ಎಂದರೆ 4ನೇ ಅಮಾವಾಸ್ಯೆಯಿಂದ 7ನೇ ಅಮಾವಾಸ್ಯೆಯವರೆಗೆ ಏನಿದೆಯೋ ಅದು:

ತಿಂಗಳು[4:7] → ['ಶ್ರಾವಣ', 'ಭಾದ್ರಪದ', 'ಆಶ್ವಯುಜ']

ಭೀಮನ ಅಮಾವಾಸ್ಯೆ ಕಳೆದ ಮೇಲೆ ಶುರು, ದೀಪಾವಳಿ ಅಮಾವಾಸ್ಯೆಗೆ ಕೊನೆ. ಕಾರ್ತಿಕ ಅದರಾಚೆಗಿದೆ, ಹಾಗಾಗಿ ಬರಲಿಲ್ಲ. ಎಷ್ಟು ಸಿಗುತ್ತದೆ ಎಂಬ ಲೆಕ್ಕವೂ ಸುಲಭ: 7 - 4 = 3.

ಒಂದೇ ಅಂಕಿ ಬರೆದು ತಿಂಗಳು[4] ಎಂದಾಗ, ಆ ಗಡಿ ದಾಟಿದ ಕೂಡಲೇ ಸಿಗುವ ಮಾಸ ಬರುತ್ತದೆ: 'ಶ್ರಾವಣ'. ತಿಂಗಳು[4:5] ಕೂಡ ಶ್ರಾವಣವೇ, ಆದರೆ ಲಿಸ್ಟ್ ಒಳಗೆ: ['ಶ್ರಾವಣ']. ಮೊದಲನೆಯದು ಸ್ಟ್ರಿಂಗ್, ಎರಡನೆಯದು ಒಂದೇ ಐಟಂ ಇರುವ ಲಿಸ್ಟ್. ಇವೆರಡನ್ನು ಒಂದರ ಬದಲು ಇನ್ನೊಂದು ಬಳಸಿದರೆ ತಪ್ಪು ಆ ಸಾಲಿನಲ್ಲಿ ಕಾಣಿಸದೆ ಹತ್ತು ಸಾಲು ಕೆಳಗೆ ಕಾಣಿಸುತ್ತದೆ.

ಪ್ರಶ್ನೆ: ಕೊನೆಯದನ್ನು ಬಿಡುವ ಈ ಪದ್ಧತಿಯಿಂದ ಏನು ಲಾಭ?

ಕತ್ತರಿಸಿದ ತುಂಡುಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ತಿಂಗಳು[:4] + ತಿಂಗಳು[4:] ಎಂದರೆ ಪೂರ್ತಿ ವರ್ಷ. ಯಾವ ಮಾಸವೂ ಬಿಟ್ಟುಹೋಗುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ, ಎಲ್ಲೂ +1 ಅಥವಾ -1 ಬೇಕಿಲ್ಲ. ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1982ರಲ್ಲೇ ಒಂದು ಪುಟ್ಟ ಟಿಪ್ಪಣಿಯಲ್ಲಿ ಇದೇ ವಾದ ಮಂಡಿಸಿದ್ದರು: ಆರಂಭ ಸೇರಲಿ, ಕೊನೆ ಸೇರದಿರಲಿ, ಎಣಿಕೆ ಸೊನ್ನೆಯಿಂದ ಶುರುವಾಗಲಿ. ಪೈಥಾನ್ ರೂಪಿಸಿದ ಗಿಡೊ ವಾನ್ ರೋಸಮ್ ಕೂಡ ಸ್ಲೈಸ್‌ಗಳು ಹೀಗೆ ಅಂದವಾಗಿ ಕೂಡಿಕೊಳ್ಳುವುದೇ ತಮ್ಮನ್ನು ಒಪ್ಪಿಸಿತು ಎಂದಿದ್ದಾರೆ.

ಪ್ರಶ್ನೆ: ಮೈನಸ್ ಅಂಕಿ ಹಾಕಿದರೆ ಏನಾಗುತ್ತದೆ?

ಲಿಸ್ಟಿನ ಉದ್ದವನ್ನು ಅದಕ್ಕೆ ಕೂಡಿಸಿಕೊಳ್ಳುತ್ತದೆ, ಅಷ್ಟೇ. ಇಲ್ಲಿ ಉದ್ದ 12, ಆದ್ದರಿಂದ -2 ಎಂದರೆ 10.

ತಿಂಗಳು[-2:] → ['ಮಾಘ', 'ಫಾಲ್ಗುಣ']
ತಿಂಗಳು[:-2] → ಚೈತ್ರದಿಂದ ಪುಷ್ಯದವರೆಗೆ, ಹತ್ತು ಮಾಸ

ಇಲ್ಲೊಂದು ಬಲೆ ಇದೆ. ಕೊನೆಯ ಎಷ್ಟು ಬೇಕು ಎಂಬುದು ವೇರಿಯಬಲ್‌ನಲ್ಲಿದ್ದು ತಿಂಗಳು[-ಎಷ್ಟು:] ಎಂದು ಬರೆದಿದ್ದೀರಿ ಎನ್ನಿ. ಎಷ್ಟು = 3 ಆದಾಗ ಸರಿ, 1 ಆದಾಗಲೂ ಸರಿ. 0 ಆದಾಗ ಖಾಲಿ ಲಿಸ್ಟ್ ಬರಬೇಕಿತ್ತು. ಆದರೆ -0 ಎಂದರೂ 0 ಎಂದರೂ ಒಂದೇ ಆದ್ದರಿಂದ ಪೂರ್ತಿ ಹನ್ನೆರಡೂ ಬಂದುಬಿಡುತ್ತವೆ. ತಿಂಗಳು[:-ಎಷ್ಟು] ಆದರೆ ಇದರ ತಿರುಗುಮುರುಗು: ಪೂರ್ತಿ ಬರಬೇಕಾದಲ್ಲಿ ಖಾಲಿ. ಎರರ್ ಬಾರದ ಕಾರಣ ಪರೀಕ್ಷೆಯಲ್ಲಿ ಸಿಗದೆ ತಿಂಗಳುಗಟ್ಟಲೆ ಉಳಿದುಕೊಳ್ಳುವ ತಪ್ಪು ಇದು. ಅಂಕಿ ವೇರಿಯಬಲ್‌ನಿಂದ ಬರುವಾಗಲೆಲ್ಲ ಹೀಗೆ ಬರೆಯಿರಿ:

ತಿಂಗಳು[ಲೆನ್(ತಿಂಗಳು) - ಎಷ್ಟು:]

ಎಷ್ಟು ಎಂಬುದು ಲಿಸ್ಟಿನ ಉದ್ದಕ್ಕಿಂತ ಹೆಚ್ಚಾಗುವ ಸಂಭವ ಇದ್ದರೆ ವ್ಯವಕಲನದ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದನ್ನೂ ಮ್ಯಾಕ್ಸ್(0, ...) ಒಳಗೆ ಹಾಕಿ ತಡೆಯಿರಿ.

ಪ್ರಶ್ನೆ: ತಿಂಗಳು[10:50] ಎಂದರೂ ಎರರ್ ಏಕೆ ಬರುವುದಿಲ್ಲ?

ಸ್ಲೈಸ್ ಗಡಿ ಮೀರಿದರೆ ಪೈಥಾನ್ ಅದನ್ನು ಲಿಸ್ಟಿನ ತುದಿಗೆ ತಂದು ನಿಲ್ಲಿಸುತ್ತದೆ. ಸಿಕ್ಕಷ್ಟು ಕೊಡುತ್ತದೆ, ಏನೂ ಇಲ್ಲದಿದ್ದರೆ ಖಾಲಿ ಲಿಸ್ಟ್ ಕೊಡುತ್ತದೆ. ತಿಂಗಳು[50] ಎಂದರೆ ಮಾತ್ರ ಇಂಡೆಕ್ಸ್ ಎರರ್. "ಮೊದಲ ಹತ್ತು ಸಾಲು ತೋರಿಸು" ಎಂಬಂಥ ಕೆಲಸಕ್ಕೆ ಈ ಸಡಿಲಿಕೆ ವರದಾನ, ಆರೇ ಸಾಲಿದ್ದರೂ ಕೋಡ್ ನಿಲ್ಲುವುದಿಲ್ಲ. ಆದರೆ ನಿಖರವಾಗಿ ಹತ್ತು ಇರಲೇಬೇಕಾದ ಕಡೆ ಸ್ಲೈಸ್ ನಿಮ್ಮನ್ನು ಎಚ್ಚರಿಸುವುದಿಲ್ಲ. ಬಂದ ಲಿಸ್ಟಿನ ಉದ್ದವನ್ನು ನೀವೇ ನೋಡಿಕೊಳ್ಳಬೇಕು.

ಪ್ರಶ್ನೆ: ಮಾಘದಿಂದ ಶುರುಮಾಡಿ ವೈಶಾಖದವರೆಗೆ ಬೇಕು. ತಿಂಗಳು[-2:2] ಎಂದರೆ ಖಾಲಿ ಬರುತ್ತದೆ.

ಸ್ಲೈಸ್ ಸುತ್ತು ಹಾಕಿಕೊಂಡು ಬರುವುದಿಲ್ಲ. -2 ಎಂಬುದು 10 ಆಗುತ್ತದೆ. 10ರಿಂದ ಮುಂದಕ್ಕೆ ಹೋಗುತ್ತಾ 2 ಸಿಗುವುದು ಸಾಧ್ಯವಿಲ್ಲ, ಆದ್ದರಿಂದ ಖಾಲಿ. ಎರಡು ತುಂಡು ತೆಗೆದು ಕೂಡಿಸಿ:

ತಿಂಗಳು[10:] + ತಿಂಗಳು[:2]

ಅಥವಾ ಎರಡು ವರ್ಷವನ್ನು ಸಾಲಾಗಿ ಇಟ್ಟು ಕತ್ತರಿಸಿ: (ತಿಂಗಳು * 2)[10:14]. ಪುಟ್ಟ ಲಿಸ್ಟಿಗೆ ಎರಡನೆಯದು ಓದಲು ಚೆನ್ನ. ದೊಡ್ಡ ಲಿಸ್ಟಿಗೆ ಮೊದಲನೆಯದೇ ಸರಿ, ಏಕೆಂದರೆ ಎರಡನೆಯದು ಇಡೀ ಲಿಸ್ಟನ್ನು ಎರಡು ಸಲ ನಕಲು ಮಾಡುತ್ತದೆ.

ಪ್ರಶ್ನೆ: ಎರಡನೇ ಕೋಲನ್ ಆದಮೇಲೆ ಬರುವ ಅಂಕಿ ಯಾವುದಕ್ಕೆ?

ಅದು ಸ್ಟೆಪ್, ಅಂದರೆ ಎಷ್ಟೆಷ್ಟು ಹಾರಿಕೊಂಡು ಹೋಗಬೇಕು ಎಂಬುದು. ಎರಡು ಮಾಸಕ್ಕೆ ಒಂದು ಋತು. ಹಾಗಾಗಿ ತಿಂಗಳು[::2] ಎಂದರೆ ಪ್ರತಿ ಋತುವಿನ ಮೊದಲ ಮಾಸ (ಚೈತ್ರ, ಜ್ಯೇಷ್ಠ, ಶ್ರಾವಣ, ಆಶ್ವಯುಜ, ಮಾರ್ಗಶಿರ, ಮಾಘ), ತಿಂಗಳು[1::2] ಎಂದರೆ ಎರಡನೇ ಮಾಸ. ಸ್ಟೆಪ್ 0 ಕೊಟ್ಟರೆ ವ್ಯಾಲ್ಯೂ ಎರರ್.

ಪ್ರಶ್ನೆ: ಹಿಂದುಮುಂದಾಗಿ ತೆಗೆಯುವಾಗ ಮೊದಲ ಐಟಂ ಯಾವಾಗಲೂ ತಪ್ಪಿಹೋಗುತ್ತದೆ. ಏಕೆ?

ಪೂರ್ತಿ ಲಿಸ್ಟಿಗಾದರೆ ತಿಂಗಳು[::-1] ಸಾಕು, ತೊಂದರೆ ಇಲ್ಲ. ಆಷಾಢದಿಂದ ಹಿಂದಕ್ಕೆ ಚೈತ್ರದವರೆಗೆ ಬೇಕೆಂದಾಗ ಸಮಸ್ಯೆ ಶುರು:

ತಿಂಗಳು[3:0:-1] → ['ಆಷಾಢ', 'ಜ್ಯೇಷ್ಠ', 'ವೈಶಾಖ']
ತಿಂಗಳು[3:-1:-1] → []
ತಿಂಗಳು[3::-1] → ['ಆಷಾಢ', 'ಜ್ಯೇಷ್ಠ', 'ವೈಶಾಖ', 'ಚೈತ್ರ']

ಮೊದಲನೆಯದರಲ್ಲಿ 0 ಕೊನೆ, ಕೊನೆ ಸೇರುವುದಿಲ್ಲ, ಚೈತ್ರ ಹೋಯಿತು. ಹಾಗಾದರೆ ಅದಕ್ಕಿಂತ ಒಂದು ಹಿಂದಿನ -1 ಕೊಡೋಣ ಎಂದರೆ, -1 ಅನ್ನು ಪೈಥಾನ್ 11 ಎಂದು ಓದಿಕೊಳ್ಳುತ್ತದೆ. 3ರಿಂದ ಹಿಂದಕ್ಕೆ ಹೋದರೆ 11 ಸಿಗುವುದಿಲ್ಲ, ಖಾಲಿ. ಕೊನೆಯ ಜಾಗವನ್ನು ಬರೆಯದೇ ಬಿಡುವುದೇ ಸುಲಭದ ದಾರಿ. ಗಡಿಯ ಅಂಕಿ ವೇರಿಯಬಲ್‌ನಲ್ಲಿದ್ದರೆ ಅಲ್ಲಿ ನನ್ ಇಡಬಹುದು, ಬಿಟ್ಟಿದ್ದಕ್ಕೂ ಅದಕ್ಕೂ ಅರ್ಥ ಒಂದೇ.

ಮೈನಸ್ ಸ್ಟೆಪ್ ಇದ್ದಾಗ ಅಮಾವಾಸ್ಯೆಯ ಲೆಕ್ಕ ಹೊಂದುವುದಿಲ್ಲ. ಆಗ ಐಟಂಗಳನ್ನೇ ಎಣಿಸಬೇಕು. ನಮ್ಮ ಸಲಹೆ: ಮೊದಲು ನೇರವಾಗಿ ಕತ್ತರಿಸಿ, ಆಮೇಲೆ ತಿರುಗಿಸಿ. ತಿಂಗಳು[0:4][::-1] ಎಂಬುದು ಒಂದು ನಕಲು ಹೆಚ್ಚು ಮಾಡುತ್ತದೆ ನಿಜ. ಆದರೆ ಆರು ತಿಂಗಳ ನಂತರ ಓದುವವರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಪ್ರಶ್ನೆ: ನಕಲು ಬದಲಾಯಿಸಿದರೆ ಮೂಲವೂ ಬದಲಾಗುತ್ತಿದೆ!

ಎರಡು ಬೇರೆ ಬೇರೆ ಕಾರಣ ಇರಬಹುದು.

ಪ್ರತಿ = ತಿಂಗಳು ಎಂದು ಬರೆದಿದ್ದರೆ ಅದು ನಕಲೇ ಅಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರು. ಪ್ರತಿ = ತಿಂಗಳು[:] ಎಂದು ಬರೆದರೆ ಹೊಸ ಲಿಸ್ಟ್ ಹುಟ್ಟುತ್ತದೆ. ಪೈಥಾನ್ 3.3 ಇಂದ ಕಾಪಿ ಎಂಬ ಮೆಥಡ್ ಕೂಡ ಇದೆ, ಕೆಲಸ ಒಂದೇ.

ಎರಡನೆಯದು, ಲಿಸ್ಟಿನೊಳಗೆ ಲಿಸ್ಟ್ ಇದ್ದಾಗ:

ಋತು = [["ಚೈತ್ರ", "ವೈಶಾಖ"], ["ಜ್ಯೇಷ್ಠ", "ಆಷಾಢ"]]
ಪ್ರತಿ = ಋತು[:]
ಪ್ರತಿ[0][0] = "ಮಧುಮಾಸ"

ಈಗ ಋತು[0][0] ಕೂಡ "ಮಧುಮಾಸ". ಸ್ಲೈಸ್ ಹೊರಗಿನ ಲಿಸ್ಟನ್ನು ಮಾತ್ರ ಹೊಸದಾಗಿ ಮಾಡುತ್ತದೆ, ಒಳಗಿನವು ಎರಡಕ್ಕೂ ಹಂಚಿಕೆಯಾಗಿಯೇ ಉಳಿಯುತ್ತವೆ. ಒಳಗಿನದೂ ಬೇರೆಯಾಗಬೇಕಿದ್ದರೆ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ ಬಳಸಿ.

ನಮ್‌ಪೈ (ಸಂಖ್ಯೆಗಳ ಲೆಕ್ಕಕ್ಕೆಂದು ಇರುವ ಲೈಬ್ರರಿ) ಬಳಸುವವರು ಇನ್ನೂ ಜಾಗ್ರತೆಯಾಗಿರಬೇಕು. ಅಲ್ಲಿ ಅರೇಯ (ಸಂಖ್ಯೆಗಳ ಸಾಲಿನ) ಸ್ಲೈಸ್ ನಕಲಲ್ಲ, ಅದೇ ಮೆಮೊರಿಯತ್ತ ತೆರೆದ ಕಿಟಕಿ. ಸ್ಲೈಸ್‌ನಲ್ಲಿ ಬರೆದದ್ದು ಮೂಲ ಅರೇಯಲ್ಲೂ ಬರೆದಂತೆಯೇ. ಇನ್ನು ಕೋಷ್ಟಕಗಳ ಲೈಬ್ರರಿಯಾದ ಪಾಂಡಾಸ್‌ನ ಲೋಕ್‌ನಲ್ಲಿ ಹೆಸರಿನಿಂದ ಕತ್ತರಿಸಿದರೆ ಕೊನೆಯದೂ ಸೇರುತ್ತದೆ, ಐಲೋಕ್‌ನಲ್ಲಿ ಸೇರುವುದಿಲ್ಲ. ಲಿಸ್ಟಿನ ಅಭ್ಯಾಸವನ್ನು ಅಲ್ಲಿಗೆ ಹಾಗೇ ಒಯ್ಯಬೇಡಿ.

ಪ್ರಶ್ನೆ: ಲಿಸ್ಟಿನ ನಡುವೆ ಐಟಂ ಸೇರಿಸಲು ಸ್ಲೈಸ್ ಬಳಸಬಹುದೇ?

ಬಳಸಬಹುದು, ಬಹಳ ಸೊಗಸಾದ ಬಳಕೆ ಅದು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅಧಿಕ ಮಾಸ ನಿಜ ಮಾಸಕ್ಕಿಂತ ಮೊದಲು ಬರುತ್ತದೆ. ಅಂದರೆ ಆಷಾಢಕ್ಕೂ ಶ್ರಾವಣಕ್ಕೂ ನಡುವಿನ ಗಡಿ 4ರಲ್ಲಿ ಅದನ್ನು ತೂರಿಸಬೇಕು:

ತಿಂಗಳು[4:4] = ["ಅಧಿಕ ಶ್ರಾವಣ"]

4ರಿಂದ 4ರವರೆಗೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗಕ್ಕೆ ಹೊಸದು ಬಂದು ಕೂರುತ್ತದೆ, ಯಾವುದೂ ಅಳಿಯುವುದಿಲ್ಲ. ಈಗ ಉದ್ದ 13. ಮೂಲ ಹನ್ನೆರಡು ಮಾಸದ ಲಿಸ್ಟಿನ ಮೇಲೆ ಇದನ್ನೇ ಚೌಕ ಆವರಣ ಇಲ್ಲದೆ ಬರೆದರೆ ಏನಾಗುತ್ತದೆ ನೋಡಿ:

ತಿಂಗಳು[4:4] = "ಅಧಿಕ ಶ್ರಾವಣ"

ಪೈಥಾನ್ ಸ್ಟ್ರಿಂಗನ್ನು ಬಿಡಿಬಿಡಿಯಾಗಿ ಬಿಚ್ಚಿ ಅ, ಧ, ಗುಡಿಸು, ಕ, ಖಾಲಿ ಜಾಗ ಎಂದು ಹನ್ನೊಂದು ಚೂರು ಮಾಡಿ ತುಂಬುತ್ತದೆ. ಉದ್ದ 23 ಆಗುತ್ತದೆ, ಎರರ್ ಬರುವುದಿಲ್ಲ. ಇನ್ನು ಕೋಲನ್ ಮರೆತು ತಿಂಗಳು[4] = ["ಅಧಿಕ ಶ್ರಾವಣ"] ಎಂದರೆ ನಿಜ ಶ್ರಾವಣವೇ ಅಳಿದು ಅದರ ಜಾಗದಲ್ಲಿ ಒಂದು ಒಳಲಿಸ್ಟ್ ಕೂರುತ್ತದೆ.

ತೆಗೆಯುವುದಕ್ಕೆ ಡೆಲ್ ತಿಂಗಳು[4:5]. ಎರಡು ತೆಗೆದು ಐದು ಇಡುವುದೂ ಸರಿ, ಉದ್ದ ತಾನಾಗಿ ಹೊಂದಿಕೊಳ್ಳುತ್ತದೆ. ಸ್ಟೆಪ್ ಇದ್ದಾಗ ಮಾತ್ರ ಈ ಸಡಿಲಿಕೆ ಇಲ್ಲ. ಹನ್ನೆರಡು ಮಾಸದ ಲಿಸ್ಟಿನಲ್ಲಿ ತಿಂಗಳು[::2] ಆರು ಜಾಗ ಕೊಡುತ್ತದೆ, ಆರನ್ನೇ ತುಂಬಬೇಕು, ಇಲ್ಲವಾದರೆ ವ್ಯಾಲ್ಯೂ ಎರರ್.

ಪ್ರಶ್ನೆ: ತಿಂಗಳು = [] ಮತ್ತು ತಿಂಗಳು[:] = [] ಇವುಗಳ ವ್ಯತ್ಯಾಸ?

ಮೊದಲನೆಯದು ಹೆಸರನ್ನು ಹೊಸ ಖಾಲಿ ಲಿಸ್ಟಿಗೆ ಕಟ್ಟುತ್ತದೆ. ಹಳೆಯ ಲಿಸ್ಟನ್ನು ಬೇರೆ ಯಾರಾದರೂ ಹಿಡಿದಿದ್ದರೆ ಅವರ ಬಳಿ ಅದು ಹಾಗೇ ಇರುತ್ತದೆ. ಎರಡನೆಯದು ಅದೇ ಲಿಸ್ಟನ್ನು ಖಾಲಿ ಮಾಡುತ್ತದೆ, ಹಿಡಿದಿರುವ ಎಲ್ಲರಿಗೂ ಖಾಲಿ ಕಾಣುತ್ತದೆ. ಫಂಕ್ಷನ್‌ಗೆ ಬಂದ ಲಿಸ್ಟನ್ನು ಒಳಗಿನಿಂದ ಬದಲಾಯಿಸಿದರೂ ಹೊರಗೆ ಬದಲಾಗುತ್ತಿಲ್ಲ ಎನ್ನುವವರು ಸಾಮಾನ್ಯವಾಗಿ ಮೊದಲನೆಯದನ್ನು ಬರೆದಿರುತ್ತಾರೆ.

ಪ್ರಶ್ನೆ: ಲಿಸ್ಟನ್ನು ಎರಡೆರಡರ ಗುಂಪು ಮಾಡುವುದು ಹೇಗೆ?

[ತಿಂಗಳು[ಕ:ಕ+2] ಫಾರ್ ಕ ಇನ್ ರೇಂಜ್(0, ಲೆನ್(ತಿಂಗಳು), 2)]

ಆರು ಋತುಗಳು ಆರು ಒಳಲಿಸ್ಟಾಗಿ ಬರುತ್ತವೆ. ಉದ್ದ ಸರಿಯಾಗಿ ಭಾಗವಾಗದಿದ್ದರೆ ಕೊನೆಯ ಗುಂಪು ಚಿಕ್ಕದಾಗುತ್ತದೆ, ಎರರ್ ಇಲ್ಲ. 2023ರಲ್ಲಿ ಬಂದ ಪೈಥಾನ್ 3.12ರಲ್ಲಿ ಇಟರ್‌ಟೂಲ್ಸ್ ಒಳಗೆ ಬ್ಯಾಚ್ಡ್ ಎಂಬುದು ಸೇರಿದೆ. ಅದು ಇದೇ ಕೆಲಸ ಮಾಡುತ್ತದೆ, ಆದರೆ ಲಿಸ್ಟ್ ಬದಲು ಟಪಲ್ (ಬದಲಾಯಿಸಲಾಗದ ಲಿಸ್ಟಿನಂಥದ್ದು) ಕೊಡುತ್ತದೆ.

ಪ್ರಶ್ನೆ: 0, 3, 7 ಹೀಗೆ ಅಲ್ಲಲ್ಲಿನ ಐಟಂ ಬೇಕು. ತಿಂಗಳು[0,3,7] ಕೆಲಸ ಮಾಡುವುದಿಲ್ಲ.

ಮಾಡುವುದಿಲ್ಲ. ಕಾಮಾ ಹಾಕಿದ್ದರಿಂದ ಅದು ಟಪಲ್ ಆಯಿತು, ಟೈಪ್ ಎರರ್. [ತಿಂಗಳು[ಕ] ಫಾರ್ ಕ ಇನ್ (0, 3, 7)] ಎಂದು ಬರೆಯಿರಿ. ಆಪರೇಟರ್ ಮಾಡ್ಯೂಲಿನ ಐಟಂಗೆಟರ್ ಕೂಡ ಆಗುತ್ತದೆ. ಆದರೆ ಒಂದೇ ಸ್ಥಾನ ಕೊಟ್ಟರೆ ಅದು ಟಪಲ್ ಬದಲು ಬರೀ ಐಟಂ ಹಿಂದಿರುಗಿಸುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಕೋಷ್ಟಕದ ಎರಡನೇ ಕಾಲಂ ಬೇಕು. ಋತು[:][1] ಎಂದರೆ ಎರಡನೇ ಸಾಲು ಬರುತ್ತದೆ.

ಋತು[:] ಬರೀ ನಕಲು, ಅದರ [1] ಎಂದರೆ ಎರಡನೇ ಸಾಲೇ. ಕಾಲಂಗೆ [ಸಾಲು[1] ಫಾರ್ ಸಾಲು ಇನ್ ಋತು]. ನಮ್‌ಪೈ ಅರೇ ಆಗಿದ್ದರೆ ಋತು[:, 1] ನಡೆಯುತ್ತದೆ, ಲಿಸ್ಟಿಗೆ ಅದು ನಡೆಯುವುದಿಲ್ಲ.

ಪ್ರಶ್ನೆ: ಲಿಸ್ಟನ್ನು ಅರ್ಧಕ್ಕೆ ಕತ್ತರಿಸುವಾಗ ಟೈಪ್ ಎರರ್ ಏಕೆ?

ಒಂಟಿ ಓರೆಗೆರೆಯಿಂದ ಭಾಗಿಸಿದರೆ ಪೈಥಾನ್ 3ರಲ್ಲಿ ಯಾವಾಗಲೂ ಫ್ಲೋಟ್ ಬರುತ್ತದೆ. 12 / 2 ಎಂದರೂ 6.0. ಸ್ಲೈಸ್‌ಗೆ ಪೂರ್ಣಾಂಕವೇ ಬೇಕು. ಎರಡು ಓರೆಗೆರೆ ಹಾಕಿ: ತಿಂಗಳು[:12 // 2].

ಪ್ರಶ್ನೆ: ಒಂದೇ ಸ್ಲೈಸ್ ಹತ್ತು ಕಡೆ ಬೇಕಾಗುತ್ತದೆ. ಅಂಕಿಗಳನ್ನು ಪ್ರತಿ ಸಲ ಬರೆಯಬೇಕೇ?

ಬೇಡ, ಹೆಸರಿಡಿ. ಮಳೆಗಾಲ = ಸ್ಲೈಸ್(4, 6) ಎಂದು ಒಮ್ಮೆ ಬರೆದರೆ ತಿಂಗಳು[ಮಳೆಗಾಲ] ಎಂದಾಗ ಶ್ರಾವಣ, ಭಾದ್ರಪದ ಸಿಗುತ್ತವೆ. ಇಂತಿಷ್ಟನೇ ಅಕ್ಷರದಿಂದ ಇಂತಿಷ್ಟನೇ ಅಕ್ಷರದವರೆಗೆ ಎಂದು ನಿಗದಿಯಾದ ಫೈಲುಗಳನ್ನು ಓದುವವರಿಗೆ ಇದು ತುಂಬಾ ಉಪಯೋಗ. ಸ್ಲೈಸ್(4) ಎಂದು ಒಂದೇ ಅಂಕಿ ಕೊಟ್ಟರೆ ಅದು ಕೊನೆ, ಆರಂಭವಲ್ಲ.

ಪ್ರಶ್ನೆ: ಯಾವುದಕ್ಕೆ ಸ್ಲೈಸ್ ನಡೆಯುತ್ತದೆ, ಯಾವುದಕ್ಕೆ ಇಲ್ಲ?

ಲಿಸ್ಟ್, ಟಪಲ್, ಸ್ಟ್ರಿಂಗ್, ಬೈಟ್ಸ್, ರೇಂಜ್ ಇವಕ್ಕೆ ನಡೆಯುತ್ತದೆ. ಸೆಟ್, ಡೆಕ್ (ಎರಡೂ ತುದಿಯಿಂದ ಸೇರಿಸಿ ತೆಗೆಯಬಹುದಾದ ಸಾಲು), ಐಟಂಗಳನ್ನು ಒಂದೊಂದಾಗಿ ಹುಟ್ಟಿಸಿ ಕೊಡುವ ಜನರೇಟರ್‌ಗೆ ಇಲ್ಲ. ಜನರೇಟರ್‌ಗೆ ಇಟರ್‌ಟೂಲ್ಸ್‌ನ ಐಸ್ಲೈಸ್ ಇದೆ, ಮೈನಸ್ ಅಂಕಿ ಅದಕ್ಕೆ ಆಗದು. ಡಿಕ್ಷನರಿಗೂ ಇಲ್ಲ. ಅಲ್ಲಿ 3.11ರವರೆಗೆ ಟೈಪ್ ಎರರ್ ಬರುತ್ತಿತ್ತು, 3.12 ಇಂದ ಕೀ ಎರರ್. ಎರರ್ ಹೆಸರು ನೋಡಿ ದಾರಿತಪ್ಪಬೇಡಿ, ಕಾರಣ ಒಂದೇ.

ಪ್ರಶ್ನೆ: ಸ್ಲೈಸ್ ನಿಧಾನವೇ?

ಒಂದು ಸಲಕ್ಕೆ ಅಲ್ಲ. ಸ್ಲೈಸ್ ಐಟಂಗಳ ವಿಳಾಸಗಳನ್ನು ಮಾತ್ರ ನಕಲು ಮಾಡುತ್ತದೆ, 64 ಬಿಟ್ ಯಂತ್ರದಲ್ಲಿ ಒಂದಕ್ಕೆ 8 ಬೈಟ್. 10 ಲಕ್ಷ ಐಟಂಗೆ ಸುಮಾರು 8 ಎಂಬಿ. ತೊಂದರೆ ಬರುವುದು ಲೂಪ್ ಒಳಗೆ ಸಾಲು = ಸಾಲು[1:] ಎಂದು ಒಂದೊಂದೇ ಕಳೆಯುತ್ತಾ ಹೋದಾಗ. 1 ಲಕ್ಷ ಐಟಂ ಇದ್ದರೆ ಮೊದಲ ಸಲ 99,999, ಎರಡನೇ ಸಲ 99,998, ಹೀಗೆ ಒಟ್ಟು ಸುಮಾರು 500 ಕೋಟಿ ನಕಲು. ಮುಂದಿನಿಂದ ತೆಗೆಯುವ ಕೆಲಸಕ್ಕೆ ಕಲೆಕ್ಷನ್ಸ್‌ನ ಡೆಕ್ ಮತ್ತು ಅದರ ಪಾಪ್‌ಲೆಫ್ಟ್ ಬಳಸಿ.

ಪ್ರಶ್ನೆ: ಕನ್ನಡ ಪದವನ್ನು ಸ್ಲೈಸ್ ಮಾಡಿದರೆ ಅಕ್ಷರ ಏಕೆ ಒಡೆಯುತ್ತದೆ?

ಪೈಥಾನ್ ಎಣಿಸುವುದು ಯೂನಿಕೋಡ್ ಬಿಂದುಗಳನ್ನು (ಯೂನಿಕೋಡ್ ಬೇರೆ ಬೇರೆ ಸಂಖ್ಯೆ ಕೊಟ್ಟಿರುವ ಗುರುತುಗಳನ್ನು), ನಾವು ಓದುವ ಅಕ್ಷರಗಳನ್ನಲ್ಲ. "ಕನ್ನಡ" ನಮಗೆ ಮೂರು ಅಕ್ಷರ. ಪೈಥಾನ್‌ಗೆ ಐದು: ಕ, ನ, ವಿರಾಮ (ವ್ಯಂಜನದ ಸ್ವರ ತೆಗೆಯುವ ್ ಗುರುತು), ನ, ಡ. ಆದ್ದರಿಂದ "ಕನ್ನಡ"[:2] ಎಂದರೆ 'ಕನ', [:3] ಎಂದರೆ 'ಕನ್'. "ಮೈಸೂರು"[::-1] ಮಾಡಿದರೆ ಕೊನೆಯ ಕೊಂಬು ಮೊದಲಿಗೆ ಬಂದು, ಹಿಡಿದುಕೊಳ್ಳಲು ವ್ಯಂಜನವಿಲ್ಲದೆ ಚುಕ್ಕಿ ವೃತ್ತದ ಮೇಲೆ ನೇತಾಡುತ್ತದೆ. ವಿಚಿತ್ರವೆಂದರೆ "ಕನ್ನಡ" ತಿರುಗಿಸಿದರೆ 'ಡನ್ನಕ' ಎಂದು ಸರಿಯಾಗಿಯೇ ಬರುತ್ತದೆ, ಏಕೆಂದರೆ ಒತ್ತಿನ ಎರಡೂ ಕಡೆ ಇರುವುದು ನ. ಆ ಒಂದು ಪದದಲ್ಲಿ ಪರೀಕ್ಷಿಸಿ ಕೋಡ್ ಸರಿಯಿದೆ ಎಂದುಕೊಳ್ಳಬೇಡಿ.

ಪರಿಹಾರ, ಮೊದಲು ಪದವನ್ನು ಅಕ್ಷರಗಳ ಲಿಸ್ಟ್ ಮಾಡಿಕೊಂಡು ಆ ಲಿಸ್ಟನ್ನು ಸ್ಲೈಸ್ ಮಾಡುವುದು. ಖಾಲಿ ಲಿಸ್ಟಿನಿಂದ ಶುರುಮಾಡಿ ಬಿಂದುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಯೂನಿಕೋಡ್‌ಡೇಟಾ ಮಾಡ್ಯೂಲಿನ ಕೆಟಗರಿ ಫಂಕ್ಷನ್ ಕೊಡುವ ಉತ್ತರ "ಎಂ" ಅಕ್ಷರದಿಂದ ಶುರುವಾದರೆ ಅದು ಗುಣಿತದ ಚಿಹ್ನೆ, ಅನುಸ್ವಾರ ಅಥವಾ ವಿರಾಮ. ಅದನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿ. "ಸಿಎಫ್" ಎಂದು ಬಂದರೆ ಅದು ಕಾಣದ ಜೋಡಣೆಯ ಅಕ್ಷರ, ಅದನ್ನೂ ಅಂಟಿಸಿ. ಹಿಂದಿನ ಅಕ್ಷರ ವಿರಾಮದಲ್ಲಿ ಮುಗಿದಿದ್ದು ಈಗ ವ್ಯಂಜನ ಬಂದಿದ್ದರೆ ಅದು ಒತ್ತಕ್ಷರ, ಅದನ್ನೂ ಅಲ್ಲಿಗೇ ಸೇರಿಸಿ. ಉಳಿದದ್ದೆಲ್ಲ ಹೊಸ ಅಕ್ಷರವಾಗಿ ಲಿಸ್ಟಿಗೆ ಹೋಗಲಿ.

ಈಗ "ಕನ್ನಡ" ಎಂಬುದು ['ಕ', 'ನ್ನ', 'ಡ'] ಆಗುತ್ತದೆ. ಅದರ [:2] ತೆಗೆದು ಜೋಡಿಸಿದರೆ 'ಕನ್ನ'. "ಮೈಸೂರು" ['ಮೈ', 'ಸೂ', 'ರು'] ಆಗುತ್ತದೆ, ತಿರುಗಿಸಿದರೆ 'ರುಸೂಮೈ'.